ತಮ್ಮನದು ಮೆಕ್ಯಾನಿಕಲ್ ಡಿಪ್ಲೊಮಾ, ನನ್ನದು ಬಿಕಾಂ: ರಾಣೆಬೆನ್ನೂರಿನ ಸುತ್ತ ಯಾವ ಕೆಲಸಕ್ಕೆ ನಿಜವಾಗಿ ಬೇಡಿಕೆ ಇದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ರಾಣೆಬೆನ್ನೂರು ಹತ್ತಿರದ ಹಳ್ಳಿ. ಅಪ್ಪ ನಾಲ್ಕು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತಾರೆ. ತಮ್ಮ ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ, 68 ಪರ್ಸೆಂಟ್ ಬಂದಿದೆ. ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ಬಿಇ ಮಾಡಲಿ ಅಂತಾರೆ. ಮಾವ, 'ಮೆಕ್ಯಾನಿಕಲ್ ಕಾಲ ಮುಗೀತು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡಿಸಿ' ಅಂತ ಒತ್ತಾಯ ಮಾಡ್ತಿದ್ದಾರೆ. ಅದಕ್ಕೆ 85 ಸಾವಿರ ಕಟ್ಟಬೇಕಂತೆ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ. ತಮ್ಮನಿಗೆ ಧಾರವಾಡಕ್ಕೆ ಹೋಗಿ ಪಿಎಸ್‌ಐ ಕೋಚಿಂಗ್ ಸೇರುವ ಆಸೆ. ಧಾರವಾಡದ ಒಂದು ಬಿಡಿಭಾಗದ ಕಂಪನಿ ತಿಂಗಳಿಗೆ 14,500 ರೂಪಾಯಿಗೆ ಕಾಂಟ್ರ್ಯಾಕ್ಟ್ ಮೇಲೆ ಕರೆದಿದೆ. 'ಇಷ್ಟಕ್ಕೆ ಡಿಪ್ಲೊಮಾ ಯಾಕೆ ಬೇಕಿತ್ತು' ಅಂತ ಎಲ್ಲರೂ ಕೇಳುತ್ತಾರೆ. ಪೇಪರ್‌ನಲ್ಲಿ ಲಕ್ಷ ಲಕ್ಷ ಉದ್ಯೋಗ ಅಂತ ಬರುತ್ತದೆ, ನಮ್ಮ ಕಡೆ ಏನೂ ಕಾಣಲ್ಲ. ಏನು ಮಾಡಬೇಕು? ನಾನು ಬಿಕಾಂ ಮಾಡಿ ಎರಡು ವರ್ಷದಿಂದ ಬಟ್ಟೆ ಅಂಗಡಿಯಲ್ಲಿ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ, 9 ಸಾವಿರ ಕೊಡುತ್ತಾರೆ. ನನ್ನದು ಆಮೇಲೆ ನೋಡಿದರಾಯಿತು.

ಉತ್ತರ: ನಿಮ್ಮ ಪತ್ರದಲ್ಲಿ ಇಬ್ಬರ ಪ್ರಶ್ನೆ ಇದೆ. ನಿಮ್ಮದನ್ನೂ ಬಿಡುವುದಿಲ್ಲ. ಮೊದಲು ತಮ್ಮನ ವಿಷಯ ಮುಗಿಸೋಣ.

ನಾನು ಪಾಲಿಟೆಕ್ನಿಕ್ ಮತ್ತು ಐಟಿಐ ಹುಡುಗರನ್ನು ಕಂಪನಿಗಳಿಗೆ ಸೇರಿಸುವ ಕೆಲಸದಲ್ಲಿ ಬಹಳ ವರ್ಷ ಕಳೆದವನು. ಆ ಅನುಭವದ ಮೇಲೆ ನೇರವಾಗಿ ಹೇಳುತ್ತೇನೆ. 85 ಸಾವಿರದ ಕೋರ್ಸ್ ಬೇಡ. ಪಿಎಸ್‌ಐ ದಾರಿ ಅವನಿಗೆ ಸದ್ಯಕ್ಕೆ ತೆರೆದೇ ಇಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಬಿಇ ಒಂದೆರಡು ವರ್ಷ ಕಾಯಬಹುದು. ಧಾರವಾಡದ ಕೆಲಸವನ್ನು ಸಂಬಳ ನೋಡಿ ಬೇಡ ಅನ್ನಬೇಡಿ, ಸಂಬಳ ನೋಡಿ ಒಪ್ಪಿಕೊಳ್ಳಲೂಬೇಡಿ. ಅಲ್ಲಿ ಅವನನ್ನು ಯಾವ ಮಷಿನ್ ಮುಂದೆ ನಿಲ್ಲಿಸುತ್ತಾರೆ, ಮೂರನೇ ವರ್ಷಕ್ಕೆ ಅವನು ಏನಾಗಿರುತ್ತಾನೆ, ಅದನ್ನು ನೋಡಿ ತೀರ್ಮಾನ ಮಾಡಿ.

ಪೇಪರ್‌ನಲ್ಲಿ ಬರುವ ಲಕ್ಷಗಳ ಬಗ್ಗೆ ನಿಮಗೆ ಅನುಮಾನ ಬಂದಿರುವುದು ಸರಿಯೇ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು. ಆಗಲೇ ಪ್ರಕಟವಾದ ಹೊಸ ಕೈಗಾರಿಕಾ ನೀತಿ 2030ರೊಳಗೆ 20 ಲಕ್ಷ ಉದ್ಯೋಗದ ಗುರಿ ಇಟ್ಟಿದೆ. ಇವು ಸುಳ್ಳಲ್ಲ, ಆದರೆ ಇವು ಖಾಲಿ ಹುದ್ದೆಗಳ ಪಟ್ಟಿಯೂ ಅಲ್ಲ. ಒಪ್ಪಂದ ಆದ ಮೇಲೆ ಜಮೀನು, ನೀರು, ಕರೆಂಟು, ಪರವಾನಗಿ ಎಲ್ಲ ಆಗಬೇಕು. ಫ್ಯಾಕ್ಟರಿ ಏಳಲು ವರ್ಷಗಳೇ ಬೇಕು. ಕೆಲವು ಏಳುವುದೇ ಇಲ್ಲ. ನಿಮ್ಮ ಪಕ್ಕದ ಗದಗ ಜಿಲ್ಲೆಯ ಹಳ್ಳಿಗುಡಿ ನೆನಪಿರಬಹುದು. ಪೋಸ್ಕೊ ಕಂಪನಿಯ ದೊಡ್ಡ ಉಕ್ಕಿನ ಕಾರ್ಖಾನೆ ಅಲ್ಲಿ ಬರಬೇಕಿತ್ತು. ರೈತರು ವಿರೋಧಿಸಿದರು, 2013ರಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ಹೂಡಿಕೆ ದೊಡ್ಡದಾದರೆ ಕೆಲಸವೂ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು. ಕಟ್ಟುವಾಗ ಸಾವಿರಾರು ಕೈ ಬೇಕಿತ್ತು. ಕಟ್ಟಿ ಮುಗಿದ ಮೇಲೆ ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು, ಜೊತೆಗೆ ಸ್ವಲ್ಪ ಟೆಕ್ನಿಷಿಯನ್‌ಗಳು. ಅಷ್ಟೇ. ಅದೇ ಕೋಲಾರದ ನರಸಾಪುರದಲ್ಲಿ ಅಥವಾ ದೇವನಹಳ್ಳಿ ಕಡೆ ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆಗಳು ಸಾವಿರಗಟ್ಟಲೆ ಜನರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತವೆ. ಹಾಗಾಗಿ ಕೋಟಿಯ ಲೆಕ್ಕ ಬಿಡಿ. ಆ ಕೆಲಸ ಕೈಯಿಂದ ಆಗುವುದಾ, ಮಷಿನ್‌ನಿಂದ ಆಗುವುದಾ, ಯಾರ ಕೈಯಿಂದ ಆಗುವುದು ಅಂತ ನೋಡಿ.

'ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಬರುತ್ತೆ, ಕಾಯೋಣ' ಅಂತ ಕೆಲವರು ಹೇಳುತ್ತಾರೆ. 2024ರ ಜುಲೈಯಲ್ಲಿ ರಾಜ್ಯ ಸಂಪುಟ ಆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳಿಂದ ವಿರೋಧ ಬಂದು ಕೆಲವೇ ದಿನದಲ್ಲಿ ತಡೆಹಿಡಿಯಿತು. ಹರಿಯಾಣದ ಇಂಥದ್ದೇ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿದೆ. ಅದನ್ನು ನಂಬಿ ತಮ್ಮ ಮನೆಯಲ್ಲಿ ಕೂರಬಾರದು.

ಈಗ ಮಾವ ಹೇಳಿದ 'ಮೆಕ್ಯಾನಿಕಲ್ ಕಾಲ ಮುಗೀತು' ಅನ್ನುವ ಮಾತು. ಇದು ನಿಮ್ಮ ಭಾಗದಲ್ಲಿ ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣ ಇದೆ. ತುಂಗಭದ್ರೆ ಆಚೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಮಷಿನ್ ಮಾಡುತ್ತಿತ್ತು. ಸುತ್ತಲಿನ ಎಷ್ಟೋ ಮನೆಗಳು ಅದರಿಂದ ನಡೆಯುತ್ತಿದ್ದವು. ಅದು ಮುಚ್ಚಿದಾಗ ಒಂದು ತಲೆಮಾರು ಪೆಟ್ಟು ತಿಂದಿತು. ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಮೆಕ್ಯಾನಿಕಲ್ ಎಂಜಿನಿಯರ್‌ಗಳನ್ನೂ ಕ್ಯಾಂಪಸ್‌ನಿಂದಲೇ ಕರೆದುಕೊಂಡು ಹೋದವು. ಈ ಎರಡನ್ನೂ ಕಣ್ಣಾರೆ ನೋಡಿದವರಿಗೆ ಹಾಗೆ ಅನಿಸುವುದು ಸಹಜ.

ಆದರೆ ಹೆದ್ದಾರಿಯ ಎರಡೂ ಕಡೆ ಒಮ್ಮೆ ನೋಡಿ. ನಿಮ್ಮ ತಾಲ್ಲೂಕಿನ ಕುಮಾರಪಟ್ಟಣದಲ್ಲೇ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಅಂಥ ಕಡೆ ಪಂಪು, ವಾಲ್ವು, ಬಾಯ್ಲರ್ ನೋಡಿಕೊಳ್ಳುವ ಮೇಂಟೆನೆನ್ಸ್ ಹುಡುಗರು ಸದಾ ಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದಲ್ಲಿ ವಾಲ್ವ್ ಮತ್ತು ಬಿಡಿಭಾಗದ ಘಟಕಗಳಿವೆ. ಧಾರವಾಡದಲ್ಲಿ ಟಾಟಾ ವಾಹನ ಕಾರ್ಖಾನೆ, ಅದನ್ನು ನಂಬಿದ ಸಣ್ಣಪುಟ್ಟ ಕಂಪನಿಗಳು. ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿ ಮತ್ತು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ಸ್ ಸಾಮಾನು, ಅಲ್ಲೇ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಮತ್ತೆ ಫೌಂಡ್ರಿಗಳು. ತೋರಣಗಲ್ಲಿನಲ್ಲಿ ಉಕ್ಕು. ಸ್ವಲ್ಪ ದೂರ ಹೋದರೆ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಕೆಲಸಗಾರರು ಸಿಗುತ್ತಿಲ್ಲ ಅಂತ ಮಾಲೀಕರು ಗೋಳಾಡುವುದನ್ನು ನಾನು ಈ ಕೈಗಾರಿಕಾ ಎಸ್ಟೇಟ್‌ಗಳಲ್ಲಿ ತುಂಬ ಕೇಳಿದ್ದೇನೆ. ಕೆಲಸ ಸಿಗುತ್ತಿಲ್ಲ ಅಂತ ಹುಡುಗರು ಹೇಳುವುದನ್ನೂ ಅಷ್ಟೇ ಕೇಳಿದ್ದೇನೆ. ಎರಡೂ ನಿಜ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮಷಿನ್. ಅದರ ಸುತ್ತ ಮೂರು ಥರದ ಕೆಲಸ ಇರುತ್ತದೆ. ಆಪರೇಟರ್ ಪೀಸ್ ಹಾಕುತ್ತಾನೆ, ಬಟನ್ ಒತ್ತುತ್ತಾನೆ, ತೆಗೆಯುತ್ತಾನೆ, ಆಗಾಗ ಅಳತೆ ನೋಡುತ್ತಾನೆ. ಸೆಟ್ಟರ್ ಪೀಸ್ ಹಿಡಿದಿಡುವ ಫಿಕ್ಸ್‌ಚರ್ ಕೂರಿಸುತ್ತಾನೆ, ಟೂಲ್ ಬದಲಿಸುತ್ತಾನೆ, ಟೂಲ್‌ನ ಅಳತೆ ಹೊಂದಿಸಲು ಆಫ್‌ಸೆಟ್ ಕೊಡುತ್ತಾನೆ, ಮೊದಲ ಪೀಸನ್ನು ಡ್ರಾಯಿಂಗ್ ಪ್ರಕಾರ ಪಾಸ್ ಮಾಡಿಸುತ್ತಾನೆ. ಪ್ರೋಗ್ರಾಮರ್ ಆ ಪೀಸ್ ಹೇಗೆ ಕಡಿಯಬೇಕು ಅಂತ ಪ್ರೋಗ್ರಾಮ್ ಬರೆಯುತ್ತಾನೆ. ಆಪರೇಟರ್ ಕೆಲಸವನ್ನು ಎರಡು ವಾರದಲ್ಲಿ ಯಾರಿಗಾದರೂ ಕಲಿಸಬಹುದು. ಅದಕ್ಕೇ ಕಂಪನಿಗಳು ಅದನ್ನು ಕಾಂಟ್ರ್ಯಾಕ್ಟ್‌ಗೆ ಬಿಡುತ್ತವೆ, ಸಂಬಳ ಏರಿಸುವುದಿಲ್ಲ, ಪೀಸ್ ಹಾಕಿ ತೆಗೆಯುವ ರೋಬೋ ಬಂದರೆ ಮೊದಲು ಹೋಗುವುದೂ ಅದೇ. ಸೆಟ್ಟರ್ ಒಂದು ದಿನ ಬರದಿದ್ದರೆ ಲೈನ್ ನಿಲ್ಲುತ್ತದೆ. ಅವನನ್ನು ಕಂಪನಿ ಕಾಂಟ್ರ್ಯಾಕ್ಟ್‌ಗೆ ಬಿಡದೆ ತನ್ನದೇ ನೌಕರರ ಪಟ್ಟಿಯಲ್ಲಿ ಇಟ್ಟುಕೊಳ್ಳಲು ನೋಡುತ್ತದೆ. ಪಕ್ಕದ ಕಂಪನಿಯವರು ಜಾಸ್ತಿ ಕೊಟ್ಟು ಕರೆಯುವುದೂ ಅವನನ್ನೇ.

ಇದೇ ಥರ ಕೈಗೆ ಸಿಗದ ಜನ ಇನ್ನೂ ಇದ್ದಾರೆ. ಮೇಂಟೆನೆನ್ಸ್‌ನಲ್ಲಿ ಹೈಡ್ರಾಲಿಕ್ಸ್, ಗಾಳಿಯ ಒತ್ತಡದಿಂದ ನಡೆಯುವ ನ್ಯೂಮ್ಯಾಟಿಕ್ಸ್, ಜೊತೆಗೆ ಪಿಎಲ್‌ಸಿ, ಅಂದರೆ ಮಷಿನ್ ನಡೆಸುವ ಕಂಪ್ಯೂಟರ್ ಕಂಟ್ರೋಲರ್ ಗೊತ್ತಿರುವವರು. ಕ್ವಾಲಿಟಿಯಲ್ಲಿ ಸಿಎಂಎಂ ಅನ್ನುವ ಅಳತೆಯ ಮಷಿನ್ ಮೇಲೆ ಅಳತೆ ತೆಗೆದು, ಎಷ್ಟು ವ್ಯತ್ಯಾಸ ನಡೆಯುತ್ತದೆ ಅಂತ ಡ್ರಾಯಿಂಗ್‌ನಲ್ಲಿ ಹೇಳುವ ಟಾಲರೆನ್ಸ್ ಗುರುತುಗಳನ್ನು ಸರಿಯಾಗಿ ಓದುವವರು. ಟೂಲ್‌ರೂಮ್‌ನಲ್ಲಿ ಡೈ, ಅಂದರೆ ಬಿಡಿಭಾಗಕ್ಕೆ ಆಕಾರ ಕೊಡುವ ಅಚ್ಚು ಮಾಡುವವರು. ಇಲ್ಲೆಲ್ಲ ಡಿಪ್ಲೊಮಾ ಹುಡುಗನಿಗೆ ಬಿಇ ಹುಡುಗನಿಗಿಂತ ಮೊದಲ ಆದ್ಯತೆ ಸಿಗುವುದನ್ನು ನೋಡಿದ್ದೇನೆ. ಬಿಇ ಮಾಡಿದವನು ಶಾಪ್‌ಫ್ಲೋರ್‌ನಲ್ಲಿ ನಿಲ್ಲುವುದಿಲ್ಲ ಅಂತ ಮಾಲೀಕರಿಗೆ ಭಯ. ಅಂದರೆ ನಿಮ್ಮ ತಮ್ಮನ ಓದಿಗೆ ಬೇಡಿಕೆ ಇದೆ, ಆದರೆ ಅದು ಮೊದಲ ಮೆಟ್ಟಿಲಿನಲ್ಲಿ ಕಾಣುವುದಿಲ್ಲ. 14,500 ಅನ್ನುವುದು ಆ ಮೊದಲ ಮೆಟ್ಟಿಲಿನ ಬೆಲೆ. ಅಲ್ಲೇ ಐದು ವರ್ಷ ನಿಂತರೆ ಮಾವನ ಮಾತು ನಿಜವಾಗುತ್ತದೆ.

ಆದ್ದರಿಂದ ಧಾರವಾಡದ ಕಂಪನಿಗೆ ಹೋಗಿ ಕೇಳಬೇಕಾದದ್ದನ್ನು ಕೇಳಿ. ಯಾವ ವಿಭಾಗ, ಯಾವ ಮಷಿನ್? ಆರು ತಿಂಗಳಿಗೋ ವರ್ಷಕ್ಕೋ ಬೇರೆ ಮಷಿನ್‌ಗೆ ಬದಲಿಸುತ್ತಾರಾ? ಅಲ್ಲಿ ಮೂರು ವರ್ಷ ಕಳೆದ ಹುಡುಗರು ಈಗ ಏನು ಮಾಡುತ್ತಿದ್ದಾರೆ? ಈ ಕೊನೆಯ ಪ್ರಶ್ನೆಯನ್ನು ಎಚ್‌ಆರ್ ಹತ್ತಿರ ಕೇಳಬೇಡಿ. ಶಿಫ್ಟ್ ಬಿಡುವ ಹೊತ್ತಿಗೆ ಗೇಟ್ ಹತ್ತಿರದ ಚಹಾ ಅಂಗಡಿಗೆ ತಮ್ಮ ಹೋಗಲಿ, ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ. 14,500 ಕೈಗೆ ಬರುವ ಮೊತ್ತವಾ, ಕಡಿತಕ್ಕೆ ಮುಂಚಿನದಾ ಅಂತಲೂ ಕೇಳಿ. ನೇಮಕಾತಿ ಪತ್ರ ಯಾರ ಹೆಸರಲ್ಲಿ ಬರುತ್ತದೆ, ಮೊದಲ ತಿಂಗಳಿಂದಲೇ ಪಿಎಫ್ ಕಟ್ಟಿ ಅದರ ಖಾತೆಯ ಯುಎಎನ್ ನಂಬರ್ ಕೊಡುತ್ತಾರಾ ಅಂತ ನೋಡಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ ಆರೋಗ್ಯ ವಿಮೆ ಬರಬೇಕು. ಓಟಿ ಮಾಡಿಸಿದರೆ ಕಾನೂನಿನಂತೆ ಎರಡು ಪಟ್ಟು ಕೊಡಬೇಕು. ಕಾಂಟ್ರ್ಯಾಕ್ಟರ್ ದುಡ್ಡು ಕೇಳಿದರೆ, ಅಥವಾ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇನೆ ಅಂದರೆ, ಅಲ್ಲಿಂದ ಎದ್ದು ಬನ್ನಿ.

ಉತ್ತರ ಸಮಾಧಾನ ತಂದರೆ ಸೇರಲಿ. ವರ್ಷದೊಳಗೆ ಸೆಟ್ಟಿಂಗ್ ಕಲಿಯುವ ಅವಕಾಶ ಸಿಗದಿದ್ದರೆ ಬೇರೆ ಕಡೆ ಹುಡುಕಲಿ. ರಜೆ ದಿನಗಳಲ್ಲಿ ಕಲಿಯಲು ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಈ ಟೂಲ್‌ರೂಮ್ ಸಂಸ್ಥೆಗೆ ಕಂಪನಿಗಳಲ್ಲಿ ಒಳ್ಳೆಯ ಹೆಸರಿದೆ. ಹುಬ್ಬಳ್ಳಿ, ಬೆಳಗಾವಿ, ಹರಿಹರದಲ್ಲೂ ಅದರ ಕೇಂದ್ರಗಳಿವೆ. ಸಿಎನ್‌ಸಿಗೆ, ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮತ್ತು ಪ್ರೋಗ್ರಾಮ್ ಮಾಡುವ ಕ್ಯಾಡ್‌ಕ್ಯಾಮ್‌ಗೆ ಕಡಿಮೆ ಅವಧಿಯ ಕೋರ್ಸ್‌ಗಳಿವೆ. ಶುಲ್ಕ ಮತ್ತು ಸಮಯ ಎರಡನ್ನೂ ಕೇಂದ್ರದಲ್ಲೇ ವಿಚಾರಿಸಿ.

ಧಾರವಾಡದ ಕೆಲಸ ಸರಿ ಕಾಣದಿದ್ದರೆ ಅಪ್ರೆಂಟಿಸ್‌ಗೆ ಹಾಕಲಿ. ಡಿಪ್ಲೊಮಾ ಆದವರಿಗೆ ಕೇಂದ್ರದ ನ್ಯಾಟ್ಸ್ ಪೋರ್ಟಲ್ ಮೂಲಕ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಸಿಗುತ್ತದೆ. ಎಚ್‌ಎಎಲ್, ಬಿಇಎಲ್‌ನಂಥ ಕಂಪನಿಗಳೂ ತೆಗೆದುಕೊಳ್ಳುತ್ತವೆ. ಕೈಗೆ ಬರುವುದು ಸ್ಟೈಪೆಂಡ್, ಸಂಬಳಕ್ಕಿಂತ ಕಡಿಮೆ. ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ನಿಯಮ ಇಲ್ಲ. ಆದರೂ ಆ ಸರ್ಟಿಫಿಕೇಟ್‌ಗೆ ಬೆಲೆ ಇದೆ. ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಬರುತ್ತದೆ. ಅರ್ಹತೆ ಇದ್ದರೆ ತೆಗೆದುಕೊಳ್ಳಿ. ಕೆಲಸ ಅಥವಾ ಅಪ್ರೆಂಟಿಸ್ ಸಿಕ್ಕರೆ ಅದು ನಿಲ್ಲುತ್ತದೆ. ಆ 1,500 ತಪ್ಪುತ್ತದೆ ಅಂತ ಅಪ್ರೆಂಟಿಸ್ ಬಿಟ್ಟ ಹುಡುಗರಿದ್ದಾರೆ. ನಿಮ್ಮ ತಮ್ಮ ಹಾಗೆ ಮಾಡದಿರಲಿ.

ಟೆಸ್ಟಿಂಗ್ ಕೋರ್ಸ್ ಬೇಡ ಅಂದೆನಲ್ಲ, ಸಾಫ್ಟ್‌ವೇರ್ ಬಗ್ಗೆ ನನಗೆ ವಿರೋಧ ಇಲ್ಲ. ಸಮಯ ಮತ್ತು ಮೆಟ್ಟಿಲು ಎರಡೂ ತಪ್ಪು ಅನ್ನುವುದು ನನ್ನ ಮಾತು. 2023ರಿಂದ ಐಟಿ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಯಿತು. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಕೈಯಿಂದ ಮಾಡುವ ಟೆಸ್ಟಿಂಗ್ ಈಗ ಬೇಗ ಯಂತ್ರದ ಪಾಲಾಗುತ್ತಿದೆ. ಆ ಬಾಗಿಲಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮಾಡಿದವರೇ ಸಾಲಾಗಿ ನಿಂತಿರುವಾಗ, ಮೂರು ತಿಂಗಳ ಕೋರ್ಸ್ ಮಾಡಿದ ಮೆಕ್ಯಾನಿಕಲ್ ಡಿಪ್ಲೊಮಾ ಹುಡುಗನನ್ನು ಒಳಗೆ ಕರೆಯುವುದು ಕಷ್ಟ. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂದರೆ ಎಷ್ಟೋ ಕಡೆ ಇಷ್ಟು ಇಂಟರ್‌ವ್ಯೂಗೆ ಕಳಿಸುತ್ತೇವೆ ಅಂತ ಮಾತ್ರ ಅರ್ಥ. ಕೆಲಸ ಕೊಡಿಸುತ್ತೇವೆ ಅಂತ ಬರೆದುಕೊಡಿ, ಆಗದಿದ್ದರೆ ದುಡ್ಡು ವಾಪಸ್ ಅಂತ ಸಹಿ ಹಾಕಿ ಅಂತ ಕೇಳಿ ನೋಡಿ.

ಇನ್ನೂ ದೊಡ್ಡ ಅಪಾಯ ಒಂದಿದೆ. ಇಂಥ ಕೆಲವು ಕಡೆ ಎರಡು ವರ್ಷದ ಅನುಭವ ಇದೆ ಅಂತ ಸುಳ್ಳು ಪತ್ರ ಮಾಡಿಕೊಡುತ್ತಾರೆ. ಈಗ ಕಂಪನಿಗಳು ಪಿಎಫ್ ದಾಖಲೆ ತೆಗೆದು ನೋಡುತ್ತವೆ. ಹಿಂದೆ ಎಲ್ಲಿ, ಎಷ್ಟು ತಿಂಗಳು ಕೆಲಸ ಮಾಡಿದ್ದೀರಿ ಅನ್ನುವುದೆಲ್ಲ ಅದರಲ್ಲಿ ಕಾಣುತ್ತದೆ. ಸಿಕ್ಕಿಬಿದ್ದರೆ ಆ ಕೆಲಸ ಹೋಗುತ್ತದೆ, ಮುಂದಿನದ್ದಕ್ಕೂ ಕಲ್ಲು ಬೀಳುತ್ತದೆ.

ಪಿಎಸ್‌ಐ ವಿಷಯಕ್ಕೆ ಬರೋಣ. ಪಿಎಸ್‌ಐ ಹುದ್ದೆಗೆ ಪದವಿ ಬೇಕು. ಸರ್ಕಾರಿ ಕಚೇರಿಯ ಎಫ್‌ಡಿಎ ಹುದ್ದೆಗೂ ಬೇಕು. ಡಿಪ್ಲೊಮಾ ಸಾಲದು. ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಯಾರಾದರೂ ಅವನಿಗೆ ಹೇಳಬೇಕಿತ್ತು. ಪದವಿ ಇದ್ದವರ ಪಾಡೂ ಸುಲಭ ಇಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಧಾರವಾಡದ ರೂಮುಗಳಲ್ಲಿ ಕೂತು ಓದಿದ ಹುಡುಗ ಹುಡುಗಿಯರ ಕಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ.

ಸರ್ಕಾರಿ ಕೆಲಸದ ಆಸೆ ತಪ್ಪಲ್ಲ. ಅವನ ಡಿಪ್ಲೊಮಾಗೆ ಬೆಲೆ ಇರುವ ಹುದ್ದೆ ಹುಡುಕಲಿ. ರೈಲ್ವೆಯ ಜೂನಿಯರ್ ಎಂಜಿನಿಯರ್ ಮತ್ತು ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗಳಿಗೆ ಮೆಕ್ಯಾನಿಕಲ್ ಡಿಪ್ಲೊಮಾ ನಡೆಯುತ್ತದೆ. ಲೋಕೊ ಪೈಲಟ್‌ಗೆ ದೇಶದಾದ್ಯಂತ 2024ರಲ್ಲಿ 18,799 ಹುದ್ದೆ, 2025ರಲ್ಲಿ 9,970 ಹುದ್ದೆ ಕರೆದಿದ್ದರು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದೇ ಹುಬ್ಬಳ್ಳಿಯಲ್ಲಿ. ಒಂದು ಮಾತು: ಲೋಕೊ ಪೈಲಟ್‌ಗೆ ಕಣ್ಣಿನ ನಿಯಮ ಬಹಳ ಕಟ್ಟುನಿಟ್ಟು. ಕನ್ನಡಕ ಇರುವವರಿಗೆ ಆಗುವುದಿಲ್ಲ, ಲೇಸರ್ ಆಪರೇಷನ್ ಆದವರಿಗೂ ಆಗುವುದಿಲ್ಲ. ಬಣ್ಣ ಗುರುತಿಸುವ ಪರೀಕ್ಷೆಯೂ ಇದೆ. ಓದಲು ಶುರು ಮಾಡುವ ಮುಂಚೆ ಕಣ್ಣು ತೋರಿಸಿಕೊಂಡು ಬರಲಿ. ಮತ್ತೆ, ಕೆಲಸ ಮಾಡುತ್ತಲೇ ಓದಲಿ. ಬರೀ ಓದುತ್ತಾ ಕೂತು ನಾಲ್ಕು ವರ್ಷ ಕಳೆದ ಡಿಪ್ಲೊಮಾ ಹುಡುಗನನ್ನು ಯಾವ ಫ್ಯಾಕ್ಟರಿಯೂ ಖುಷಿಯಿಂದ ಕರೆಯುವುದಿಲ್ಲ.

ಅಪ್ಪ ಹೇಳುವ ಬಿಇ ಕೆಟ್ಟ ಸಲಹೆ ಅಲ್ಲ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು, ಮೂರು ವರ್ಷದಲ್ಲಿ ಮುಗಿಯುತ್ತದೆ. ಒಳ್ಳೆಯ ರ‍್ಯಾಂಕ್ ಬಂದು ಸರ್ಕಾರಿ ಅಥವಾ ಹೆಸರಿರುವ ಕಾಲೇಜು ಸಿಕ್ಕರೆ ಸೇರಲಿ. ಸಾಲ ಮಾಡಿ ಯಾವುದೋ ಕಾಲೇಜಿಗೆ ಸೇರಿಸಿದರೆ, ಮೂರು ವರ್ಷದ ನಂತರ ಇದೇ ಪ್ರಶ್ನೆ ಸಾಲದ ಜೊತೆಗೆ ಎದುರಿಗೆ ನಿಲ್ಲುತ್ತದೆ. ಎರಡು ವರ್ಷ ಕೆಲಸ ಮಾಡಿ, ಕೈಯಲ್ಲಿ ಸ್ವಲ್ಪ ದುಡ್ಡು ಮತ್ತು ತಲೆಯಲ್ಲಿ ಒಂದು ಸ್ಪಷ್ಟತೆ ಇಟ್ಟುಕೊಂಡು ಬಿಇಗೆ ಹೋದವರು ಚೆನ್ನಾಗಿ ಓದುತ್ತಾರೆ.

ಇನ್ನು ನಿಮ್ಮ ವಿಷಯ. 'ನನ್ನದು ಆಮೇಲೆ' ಅಂತ ಬರೆದಿದ್ದೀರಿ. ನನ್ನ ಪ್ರಕಾರ ನಿಮ್ಮ ಮನೆಯಲ್ಲಿ ಬೇಗ ಫಲ ಕೊಡುವ ಓದು ನಿಮ್ಮದೇ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ ಸಣ್ಣ ಊರಿನ ವ್ಯಾಪಾರಕ್ಕೂ ಲೆಕ್ಕದವರು ಬೇಕೇ ಬೇಕು. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖಿಗೆ ಮಾರಾಟದ ವಿವರದ ಜಿಎಸ್‌ಟಿಆರ್ 1, 20ಕ್ಕೆ ತೆರಿಗೆ ಲೆಕ್ಕದ 3ಬಿ. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿಗೆ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ ಕೂಡ ಕಡ್ಡಾಯ. ರಾಣೆಬೆನ್ನೂರಿನ ಬಟ್ಟೆ ಮತ್ತು ಬೀಜದ ವ್ಯಾಪಾರ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ದಾವಣಗೆರೆಯ ಅಂಗಡಿಗಳು, ಎಲ್ಲ ಕಡೆ ಈ ಕೆಲಸ ಇದೆ. ಬಿಲ್ ಎಂಟ್ರಿ ಮಾಡುವವರಿಗೆ 9 ಸಾವಿರ ಕೊಡುತ್ತಾರೆ. ಆ ಕೆಲಸ ಮುಂದೆ ಇನ್ನೂ ಕಡಿಮೆಯಾಗುತ್ತದೆ, ಸಾಫ್ಟ್‌ವೇರೇ ಬಿಲ್ ಓದಿ ಎಂಟ್ರಿ ಮಾಡುವ ಕಾಲ ಇದು. ಆದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿಯಾದ 2ಬಿ ಜೊತೆ ಖರೀದಿ ತಾಳೆ ನೋಡಿ, ಯಾವ ಸಪ್ಲೈಯರ್ ಬಿಲ್ ತೋರಿಸಿಲ್ಲ ಅಂತ ಹುಡುಕಿ, ನೋಟಿಸ್ ಬಂದರೆ ಉತ್ತರ ತಯಾರು ಮಾಡುವವರು ಸುಲಭಕ್ಕೆ ಸಿಗುವುದಿಲ್ಲ. ನೀವು ಈಗ ಬಿಲ್ ಎಂಟ್ರಿ ಮಟ್ಟದಲ್ಲಿ ಇದ್ದೀರಿ ಅಂತ ಅನಿಸುತ್ತದೆ. ನಿಮ್ಮ ಅಂಗಡಿಯ ರಿಟರ್ನ್ ಹಾಕುವ ಆಡಿಟರ್ ಆಫೀಸಿನಲ್ಲಿ ಕೆಲಸ ಇದೆಯಾ ಅಂತ ಕೇಳಿ. ಮೊದಲ ವರ್ಷ ಸಂಬಳ ಇಷ್ಟೇ ಇರಬಹುದು. ಆದರೆ ಅಲ್ಲಿ ಹತ್ತಾರು ವ್ಯಾಪಾರಗಳ ಲೆಕ್ಕ ನಿಮ್ಮ ಕೈ ಮೇಲೆ ಹಾಯುತ್ತದೆ. ಎಕ್ಸೆಲ್ ಮತ್ತು ಇಂಗ್ಲಿಷ್ ಮಾತು ಜೊತೆಗೆ ಕಲಿತರೆ, ಮುಂದೆ ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಲೆಕ್ಕಪತ್ರ ನೋಡುವ ಕೇಂದ್ರಗಳಿಗೂ ಅರ್ಜಿ ಹಾಕಬಹುದು. ಇಂಥ 500 ಹೊಸ ಕೇಂದ್ರಗಳನ್ನು 2029ರೊಳಗೆ ತರುವ ಗುರಿ ರಾಜ್ಯ ಸರ್ಕಾರದ್ದು. ಗುರಿಯನ್ನು ಹೇಗೆ ಓದಬೇಕು ಅಂತ ಮೇಲೆ ಹೇಳಿದ್ದೇನೆ, ಆದರೆ ಈಗಾಗಲೇ ಇರುವ ಕೇಂದ್ರಗಳೇ ಬೇಕಾದಷ್ಟಿವೆ.

ಬ್ಯಾಂಕ್ ದಾರಿಯೂ ನಿಮಗೆ ತೆರೆದಿದೆ. ಗ್ರಾಮೀಣ ಬ್ಯಾಂಕ್ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಯಾವ ಪದವಿಯಾದರೂ ಸಾಕು, ಸಾಮಾನ್ಯ ವರ್ಗಕ್ಕೆ ವಯಸ್ಸು 18ರಿಂದ 28, ಪರೀಕ್ಷೆ ಕನ್ನಡದಲ್ಲಿದೆ, ಸ್ಥಳೀಯ ಭಾಷೆ ಬರಲೇಬೇಕು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಒಂದೇ ಆಗಿವೆ. ಹಾಗಾಗಿ ಪೋಸ್ಟಿಂಗ್ ರಾಜ್ಯದ ಯಾವ ಮೂಲೆಗಾದರೂ ಆಗಬಹುದು, ಅದಕ್ಕೆ ಮನೆಯವರು ಒಪ್ಪಬೇಕು. ಲೆಕ್ಕದಲ್ಲಿ ನಿಜವಾದ ಆಸಕ್ತಿ ಇದ್ದರೆ ವೆಚ್ಚ ಲೆಕ್ಕಪತ್ರದ ಸಿಎಂಎ ಕೋರ್ಸ್‌ನ ಎರಡನೇ ಹಂತವಾದ ಇಂಟರ್‌ಗೆ ಪದವೀಧರರು ನೇರ ಸೇರಬಹುದು. ಬಿಕಾಂನಲ್ಲಿ 55 ಪರ್ಸೆಂಟ್ ಇದ್ದರೆ ಸಿಎ ಇಂಟರ್‌ಗೂ ನೇರ ಪ್ರವೇಶ ಇದೆ. ಎರಡೂ ಕಷ್ಟದ ಓದು, ತುಂಬ ಜನ ಅರ್ಧಕ್ಕೆ ಬಿಡುತ್ತಾರೆ. ಇಂಟರ್ ಅಷ್ಟೇ ಮುಗಿಸಿದರೂ ಹುಬ್ಬಳ್ಳಿ, ದಾವಣಗೆರೆಯಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ.

ಅಪ್ಪ 85 ಸಾವಿರ ಹೊಂದಿಸಲು ಮನಸ್ಸು ಮಾಡಿದ್ದಾರೆ ಅಂದರೆ, ಆ ದುಡ್ಡಿನ ಒಂದು ಪಾಲು ನಿಮ್ಮ ಓದಿಗೆ ಕೇಳಿ. ತಮ್ಮ ಈಗಲೇ ಸಂಬಳಕ್ಕೆ ಹೋಗಬಹುದು, ಜಿಟಿಟಿಸಿ ಕೋರ್ಸ್‌ಗೆ ಅಷ್ಟು ದುಡ್ಡು ಬೇಕಾಗುವುದಿಲ್ಲ. ಈ ವಾರವೇ ನಿಮ್ಮ ಅಂಗಡಿಯ ಆಡಿಟರ್ ಅವರನ್ನು ಭೇಟಿ ಮಾಡಿ, ಬಿಕಾಂ ಮಾರ್ಕ್ಸ್ ಕಾರ್ಡ್ ಜೊತೆಗೆ ಒಯ್ಯಿರಿ.